ಅರ್ಜಿ ಬರೆಯುವ ಮೊದಲು ಪಹಣಿ ತೆಗೆಸಿ: ಊರಿನ ಕೆಲಸಕ್ಕೆ ಅನುದಾನ ತರುವ ದಾರಿ

ನಮ್ಮೂರಿನ ಸಮುದಾಯ ಭವನಕ್ಕೆ ಒಮ್ಮೆ ಐದು ಲಕ್ಷ ರೂಪಾಯಿ ಮಂಜೂರಾಗಿತ್ತು. ಸುದ್ದಿ ಬಂದ ದಿನ ಅರಳಿಕಟ್ಟೆ ಹತ್ತಿರ ಪಟಾಕಿ ಹೊಡೆದೆವು, ಮಂಡಕ್ಕಿ ಹಂಚಿದೆವು. ಹದಿನೈದು ದಿನ ಕಳೆದ ಮೇಲೆ ಜೂನಿಯರ್ ಎಂಜಿನಿಯರ್ ಬಂದು, ಟೇಪು ಹಿಡಿಯುವ ಮೊದಲು ಕೇಳಿದ್ದು ಒಂದೇ ಮಾತು: 'ಜಾಗದ ಪಹಣಿ ಎಲ್ಲಿ?' ಪಹಣಿ ಎಂದರೆ ಜಮೀನು ಯಾರದೆಂದು ಹೇಳುವ ಕಂದಾಯ ದಾಖಲೆ. ತೆಗೆಸಿ ನೋಡಿದರೆ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಮೂವತ್ತು ವರ್ಷದ ಹಿಂದೆ ತೀರಿಕೊಂಡ ಹಿರಿಯರೊಬ್ಬರ ಹೆಸರು. ಜಾಗವನ್ನು ಊರಿಗೆ ಬಿಟ್ಟುಕೊಟ್ಟದ್ದು ಅವರೇ, ಅದು ಎಲ್ಲರಿಗೂ ಗೊತ್ತು. ಆದರೆ ಕೊಟ್ಟದ್ದು ಬಾಯಿಮಾತಿನಲ್ಲಿ. ಮೊಮ್ಮಕ್ಕಳು ಮೂವರು. ಇಬ್ಬರು ಸಹಿ ಹಾಕಿದರು, ಬೆಂಗಳೂರಿನಲ್ಲಿದ್ದ ಮೂರನೆಯವನು 'ನೋಡೋಣ ಮಾವ' ಎನ್ನುತ್ತಲೇ ಮಾರ್ಚ್ ತಿಂಗಳು ದಾಟಿಸಿದ. ಕಾಮಗಾರಿ ಬದಲಾವಣೆ ಆಗಿ ಆ ದುಡ್ಡು ಪಕ್ಕದೂರಿನ ಬಸ್ ತಂಗುದಾಣವಾಯಿತು. ಈಗಲೂ ಬಸ್ಸಿಗೆ ಕಾಯುವಾಗ ಆ ಕಲ್ಲುಬೆಂಚಿನ ಮೇಲೆ ಕೂತರೆ ನನಗೆ ಸ್ವಲ್ಪ ಉರಿಯುತ್ತದೆ.

ಆಮೇಲಿನ ವರ್ಷಗಳಲ್ಲಿ ಸುತ್ತಲಿನ ಹಳ್ಳಿಗಳ ಹತ್ತಾರು ಅರ್ಜಿಗಳಿಗೆ ಕೈಹಾಕಿದ್ದೇನೆ. ಕೆಲವು ಗೆದ್ದವು, ಹೆಚ್ಚಿನವು ಅಲೆದವು. ಸರ್ಕಾರದಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೆ ನಿಂತ ಕೆಲಸ ನಾನು ಕಂಡದ್ದು ಕಮ್ಮಿ. ಜಾಗದ ಕಾಗದ ಸರಿಯಿಲ್ಲದೆ, ಇಲ್ಲವೇ ತಪ್ಪು ಬಾಗಿಲು ತಟ್ಟಿ ನಿಂತದ್ದೇ ಜಾಸ್ತಿ. ಆದ್ದರಿಂದ ಈ ಬರಹದಲ್ಲಿ ಅರ್ಜಿ ಬರೆಯುವುದು ಸಾಕಷ್ಟು ತಡವಾಗಿ ಬರುತ್ತದೆ.

ಮೊದಲ ಹೆಜ್ಜೆ: ಬೇಡಿಕೆ ಒಂದೇ ಇರಲಿ

ಶಾಸಕರು ಊರಿಗೆ ಬಂದಾಗ ನಾವು ಕೊಡುವ ಮನವಿಯಲ್ಲಿ ಸಾಮಾನ್ಯವಾಗಿ ಹನ್ನೊಂದು ಬೇಡಿಕೆ ಇರುತ್ತವೆ. ರಸ್ತೆ, ಚರಂಡಿ, ಹೈಮಾಸ್ಟ್ ದೀಪ, ದೇವಸ್ಥಾನದ ಕಾಂಪೌಂಡು, ಸ್ಮಶಾನಕ್ಕೆ ದಾರಿ, ಕೊನೆಗೆ 'ಇತ್ಯಾದಿ'. ಹನ್ನೊಂದು ಬೇಡಿಕೆಯ ಮನವಿಯನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ಕಚೇರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಯಾಕೆಂದರೆ ಒಂದೊಂದು ಬೇಡಿಕೆಯೂ ಒಂದೊಂದು ಇಲಾಖೆಯದು. ಒಂದು ಕೆಲಸಕ್ಕೆ ಒಂದು ಅರ್ಜಿ.

ಯಾವ ಕೆಲಸ ಮೊದಲು ಎಂದು ತೀರ್ಮಾನಿಸಲು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೇಳಿ. ಗಂಡಸರು ಮಾತ್ರ ಸೇರಿದ ಸಭೆಯಲ್ಲಿ ಭವನ ಮತ್ತು ದೇವಸ್ಥಾನ ಮೇಲೆ ಬರುತ್ತವೆ, ಹೆಂಗಸರು ಸೇರಿದ ಸಭೆಯಲ್ಲಿ ನೀರು, ಅಂಗನವಾಡಿ, ಬೀದಿದೀಪ ಬರುತ್ತವೆ. ಅನುದಾನವೂ ಎರಡನೆಯ ಪಟ್ಟಿಗೇ ಸುಲಭವಾಗಿ ಸಿಗುತ್ತದೆ, ಇದು ನನ್ನ ಅನುಭವ.

ಎರಡನೆಯ ಹೆಜ್ಜೆ: ಜಾಗ ಯಾರದು?

ಕಟ್ಟಡ, ಟ್ಯಾಂಕು, ಒಕ್ಕಣೆ ಕಣ, ಗೋದಾಮು, ನೆಲದ ಮೇಲೆ ನಿಲ್ಲುವ ಯಾವುದಕ್ಕಾದರೂ ಇದು ಮೊದಲು ಆಗಬೇಕು. ನಾಡಕಚೇರಿಯಲ್ಲೋ ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲೋ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲವೋ ಬೇರೆ ಋಣವೋ ಕೂತಿದೆಯೇ, ಇವೆರಡನ್ನು ಓದಿದರೆ ಅರ್ಧ ಕೆಲಸ ಆದಂತೆ. ಗ್ರಾಮಠಾಣಾ, ಅಂದರೆ ಊರಿನ ಮನೆಗಳಿರುವ ಭಾಗದ ಒಳಗಿನ ಜಾಗವಾದರೆ ಪಹಣಿ ಇರುವುದಿಲ್ಲ. ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನೋಡಬೇಕು.

ಮುಂದಿನ ದಾರಿ ಜಾಗದ ಬಗೆಯನ್ನು ಅವಲಂಬಿಸಿದೆ. ಪಂಚಾಯ್ತಿ ಹೆಸರಿನಲ್ಲೇ ಇದ್ದರೆ ಇ-ಸ್ವತ್ತು ನಕಲು ಸಾಕು. ಗೋಮಾಳ ಅಥವಾ ಬೇರೆ ಸರ್ಕಾರಿ ಜಮೀನಾದರೆ ಅದನ್ನು ಆ ಉದ್ದೇಶಕ್ಕೆ ಕಾಯ್ದಿರಿಸಿಕೊಡಿ ಎಂದು ತಹಶೀಲ್ದಾರರ ಮೂಲಕ ಕೇಳಿಕೊಳ್ಳಬೇಕು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಇದಕ್ಕೇ ಇದೆ, ಆದೇಶ ಜಿಲ್ಲಾಧಿಕಾರಿ ಮಟ್ಟದಿಂದ ಬರುತ್ತದೆ. ಕಡತ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ಸರ್ವೆಯವರು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದರಿಂದ ಆರು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಳ್ಳಿ. ಕೆರೆ ಅಂಗಳ, ರಾಜಕಾಲುವೆ, ಬಂಡಿದಾರಿ ಮುಂತಾದ ಕಡೆ ಕಟ್ಟಡದ ಆಸೆ ಬಿಡಿ. ಇವತ್ತು ಯಾರಾದರೂ ಹೂಂ ಅಂದರೂ ನಾಳೆ ಒಂದು ದೂರು ಹೋದರೆ ಗೋಡೆ ಅರ್ಧಕ್ಕೇ ನಿಲ್ಲುತ್ತದೆ.

ಖಾಸಗಿಯವರು ಕೊಡುತ್ತೇನೆ ಎಂದರೆ ಅವರ ಮನಸ್ಸು ದೊಡ್ಡದು, ಆದರೆ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡರೆ ಸಾಲದು. ಸ್ಥಿರಾಸ್ತಿಯ ದಾನ ಕಾನೂನಿನ ಪ್ರಕಾರ ನಿಲ್ಲಬೇಕಾದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾನಪತ್ರ ನೋಂದಣಿ ಆಗಬೇಕು. ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಡುವುದಾದರೆ ಮೊದಲು ಆ ತುಂಡನ್ನು ಅಳೆದು ಬೇರೆಯಾಗಿ ತೋರಿಸುವ 11-ಇ ನಕ್ಷೆ ಮಾಡಿಸಬೇಕು. ಕೊಡುವವರ ತಂದೆಯ ಹೆಸರಲ್ಲೇ ಜಮೀನಿದ್ದರೆ ಅದಕ್ಕೂ ಮುಂಚೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಇದನ್ನೆಲ್ಲ ಹಿರಿಯರು ಗಟ್ಟಿಯಾಗಿರುವಾಗಲೇ ಮಾಡಿಸಿ. ಕೇಳಲು ಮುಜುಗರ ಎನಿಸುತ್ತದೆ, ನಮಗೂ ಎನಿಸಿತ್ತು.

ನೆಲ ಬೇಡದ ಕೆಲಸಗಳಿವೆ: ಸ್ವಸಹಾಯ ಸಂಘದ ಉದ್ಯಮ, ತರಬೇತಿ, ಯಂತ್ರ ಖರೀದಿ, ಶಾಲೆಗೆ ಪುಸ್ತಕ. ಅಂಥವರು ನೇರ ಮುಂದಿನ ಹೆಜ್ಜೆಗೆ ಹೋಗಬಹುದು.

ಮೂರನೆಯ ಹೆಜ್ಜೆ: ಯಾರ ಬಾಗಿಲು?

ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು.

ಮೊದಲ ಬಾಗಿಲು ನಿಮ್ಮ ಗ್ರಾಮ ಪಂಚಾಯ್ತಿಯೇ. ಹಣಕಾಸು ಆಯೋಗದ ದುಡ್ಡು ನೇರವಾಗಿ ಅಲ್ಲಿಗೆ ಬರುತ್ತದೆ. 15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಪಂಚಾಯ್ತಿಗಳಿಗೆ ಬಂದ ಅನುದಾನದಲ್ಲಿ ನೂರಕ್ಕೆ 60 ಭಾಗ ಕಟ್ಟುಪಾಡಿನದು, ಅಂದರೆ 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ. ಉಳಿದ 40 ಭಾಗ ಮಾತ್ರ ಊರಿನ ಇತರ ಅಗತ್ಯಕ್ಕೆ. 'ಪಂಚಾಯ್ತಿಯಲ್ಲಿ ಲಕ್ಷಗಟ್ಟಲೆ ಬಿದ್ದಿದ್ದರೂ ನಮ್ಮ ರಸ್ತೆಗೆ ಕೊಡಲಿಲ್ಲ' ಎಂದು ಜಗಳಕ್ಕೆ ಹೋಗುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಅದೇ ಜನ ಚರಂಡಿಯನ್ನೋ ಇಂಗುಗುಂಡಿಯನ್ನೋ ಕೇಳಿದ್ದರೆ ಸಿಗುತ್ತಿತ್ತು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಈ ವರ್ಷದ ಸುತ್ತೋಲೆಯಲ್ಲಿ ಯಾವುದಕ್ಕೆ ಎಷ್ಟು ಎಂಬುದನ್ನು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ ಕೇಳಿ ನೋಡಿಕೊಳ್ಳಿ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರ ಹಿಂದೆ ಇಡೀ ಕ್ಷೇತ್ರವೇ ಓಡುತ್ತಿರುತ್ತದೆ. ಜನ ಮರೆಯುವುದು ವಿಧಾನ ಪರಿಷತ್ ಸದಸ್ಯರನ್ನು. ಅವರಿಗೂ ಅಷ್ಟೇ ನಿಧಿ ಇದೆ, ಆದರೆ ಅವರ ಮನೆ ಮುಂದೆ ನಿಲ್ಲುವ ಹಳ್ಳಿಯವರು ಕಮ್ಮಿ. ನಿಮ್ಮ ಜಿಲ್ಲೆಗೆ ಬರುವ ಶಿಕ್ಷಕರ ಕ್ಷೇತ್ರ, ಪದವೀಧರರ ಕ್ಷೇತ್ರ, ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರು ಯಾರೆಂದು ಪಟ್ಟಿ ಮಾಡಿ. ಶಾಲೆಗೆ ಸಂಬಂಧಿಸಿದ ಬೇಡಿಕೆಯನ್ನು ಶಿಕ್ಷಕರ ಕ್ಷೇತ್ರದವರ ಹತ್ತಿರ ಒಯ್ದರೆ ಕಿವಿಗೊಟ್ಟು ಕೇಳುತ್ತಾರೆ. ಸಂಸದರಿಗೆ ವರ್ಷಕ್ಕೆ 5 ಕೋಟಿ. ಲೋಕಸಭಾ ಸದಸ್ಯರು ಸಾಮಾನ್ಯವಾಗಿ ತಮ್ಮ ಕ್ಷೇತ್ರದೊಳಗೆ ಶಿಫಾರಸು ಮಾಡುತ್ತಾರೆ. ಕರ್ನಾಟಕದಿಂದ ಆರಿಸಿಹೋದ ರಾಜ್ಯಸಭಾ ಸದಸ್ಯರಾದರೆ ರಾಜ್ಯದ ಯಾವ ಹಳ್ಳಿಗಾದರೂ ಮಾಡಬಹುದು. ಈ ನಿಧಿಯಲ್ಲಿ 15 ಭಾಗ ಪರಿಶಿಷ್ಟ ಜಾತಿಯವರು, 7.5 ಭಾಗ ಪರಿಶಿಷ್ಟ ಪಂಗಡದವರು ವಾಸಿಸುವ ಕಡೆಗೆ ಹೋಗಬೇಕೆಂಬ ನಿಯಮವಿದೆ, ನಿಮ್ಮ ಕಾಲೊನಿಯ ಬೇಡಿಕೆಯಾದರೆ ಅರ್ಜಿಯಲ್ಲೇ ಅದನ್ನು ನೆನಪಿಸಿ. ದೇವಸ್ಥಾನ, ಮಸೀದಿ, ಚರ್ಚಿನೊಳಗಿನ ಕೆಲಸಕ್ಕೆ, ಜಾಗ ಕೊಳ್ಳುವುದಕ್ಕೆ ಈ ದುಡ್ಡು ಬರುವುದಿಲ್ಲ. ಗುಡಿಯ ಜೀರ್ಣೋದ್ಧಾರ ಎಂದರೆ ಮುಜರಾಯಿ ಇಲಾಖೆ, ಅಲ್ಲಿ ಆರಾಧನಾ ಯೋಜನೆ ಎಂಬುದಿದೆ.

ಪ್ರದೇಶದ ಮಂಡಳಿಗಳನ್ನೂ ಬಿಡಬೇಡಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಯವರಿಗೆ ಸಂವಿಧಾನದ 371-ಜೆ ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕಚೇರಿ ಕಲಬುರಗಿಯಲ್ಲಿ. ಮಲೆನಾಡಿನವರಿಗೆ ಶಿವಮೊಗ್ಗದಲ್ಲಿ, ಬಯಲುಸೀಮೆಯವರಿಗೆ ಚಿತ್ರದುರ್ಗದಲ್ಲಿ ಮಂಡಳಿಗಳಿವೆ. ಕಾಲುಸಂಕ, ಚಿಕ್ಕ ಸೇತುವೆ, ಚೆಕ್ ಡ್ಯಾಂ ಮುಂತಾದ ಕೆಲಸಕ್ಕೆ ಹೇಳಿ ಮಾಡಿಸಿದ ಬಾಗಿಲುಗಳು. ಗಣಿ ಇರುವ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇರುತ್ತದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದಾಗಿನಿಂದ ಗಣಿಗಾರಿಕೆಯಿಂದ ತೊಂದರೆಗೊಳಗಾದ ಊರುಗಳಿಗೆಂದೇ ಇಟ್ಟದ್ದು ಅದು. ಧೂಳು ಕುಡಿಯುತ್ತಿರುವ ಊರಿನವರು ಅದನ್ನು ಕೇಳದೆ ಬೇರೆ ಕಡೆ ಅಂಗಲಾಚುವುದು ನೋಡಿದರೆ ಬೇಸರವಾಗುತ್ತದೆ.

ಇನ್ನು ಕಂಪನಿಗಳ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಇದನ್ನೇ ಸಿಎಸ್‌ಆರ್ ಎನ್ನುತ್ತಾರೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ಲಾಭ 5 ಕೋಟಿ ದಾಟಿದ ಕಂಪನಿಗಳಿಗೆ ಇದು ಅನ್ವಯ. ತಮ್ಮ ಕಾರ್ಖಾನೆಯ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ಹೆಸರುವಾಸಿ ಸಾಫ್ಟ್‌ವೇರ್ ಕಂಪನಿಗೆ ಪತ್ರ ಬರೆಯುವ ಮೊದಲು ನಿಮ್ಮೂರಿಂದ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಸಿಮೆಂಟೋ ಸಕ್ಕರೆಯೋ ಸೋಲಾರೋ ಗಾಳಿಯಂತ್ರವೋ ಏನಿದೆ ನೋಡಿ. ಒಂದು ಕಂಪನಿ ಹಿಂದಿನ ವರ್ಷ ಯಾವ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಖರ್ಚು ಮಾಡಿದೆ ಎಂಬುದು ಅದರ ವಾರ್ಷಿಕ ವರದಿಯಲ್ಲಿರುತ್ತದೆ. ಹಿಂದೆ ಶಾಲೆಗೆ ಕೊಟ್ಟವರು ಮುಂದೆಯೂ ಶಾಲೆಗೇ ಕೊಡುತ್ತಾರೆ. ಅವರ ಹತ್ತಿರ ಕೆರೆ ಹೂಳಿನ ಮಾತು ತೆಗೆದರೆ ಕಾಫಿ ಕೊಟ್ಟು ಕಳಿಸುತ್ತಾರೆ.

ವೈಯಕ್ತಿಕವಾಗಿ ಅಥವಾ ಸಂಘವಾಗಿ ಉದ್ಯಮ ಮಾಡುವವರ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ನಾಲ್ಕನೆಯ ಹೆಜ್ಜೆ: ನಡಾವಳಿ ಪುಸ್ತಕದಲ್ಲಿ ಸೇರಿಸಿ

ಪಂಚಾಯ್ತಿಯ ಮುಂದಿನ ವರ್ಷದ ಯೋಜನೆ ತಯಾರಾಗುವುದು ಹಿಂದಿನ ವರ್ಷದ ಅಕ್ಟೋಬರ್‌ನಿಂದ. ಗಾಂಧಿ ಜಯಂತಿಗೆ ಜನಯೋಜನೆ ಅಭಿಯಾನ ಶುರುವಾಗುವುದು 2018ರಿಂದ ರೂಢಿ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ, ಕೊನೆಗೆ ಯೋಜನೆ ಇ-ಗ್ರಾಮಸ್ವರಾಜ್ ತಾಣಕ್ಕೆ ಏರುತ್ತದೆ. ಏಪ್ರಿಲ್‌ನಲ್ಲಿ ಹೋಗಿ 'ಈ ವರ್ಷ ಚರಂಡಿ ಮಾಡಿಸಿಕೊಡಿ' ಎಂದರೆ ಪಿಡಿಒ ಏನೂ ಮಾಡುವ ಹಾಗಿಲ್ಲ, ಬಸ್ಸು ಹೋಗಿಯಾಯಿತು.

ಸಭೆಯಲ್ಲಿ ಜೋರಾಗಿ ಮಾತಾಡಿದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರಬೇಕು. ನಾನು ಒಂದು ಚೀಟಿಯಲ್ಲಿ ಠರಾವಿನ ಮಾತುಗಳನ್ನು ಮೊದಲೇ ಬರೆದುಕೊಂಡು ಹೋಗಿ ಕಾರ್ಯದರ್ಶಿಯವರ ಕೈಗೆ ಕೊಡುತ್ತೇನೆ. ಹೆಚ್ಚುಕಮ್ಮಿ ಹೀಗಿರುತ್ತದೆ:

'ವಿಷಯ ಸಂಖ್ಯೆ 6: ನಮ್ಮ ಗ್ರಾಮದ ಅಂಗನವಾಡಿ ಕೇಂದ್ರವು ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದು, 28 ಮಕ್ಕಳಿಗೆ ಶೌಚಾಲಯ ಇರುವುದಿಲ್ಲ. ಗ್ರಾಮ ಪಂಚಾಯ್ತಿಗೆ ಸೇರಿದ ಸ್ವತ್ತಿನಲ್ಲಿ ಸ್ವಂತ ಕಟ್ಟಡ ನಿರ್ಮಿಸುವ ಬಗ್ಗೆ ಸಭೆಯಲ್ಲಿ ಚರ್ಚಿಸಿ, ಸದರಿ ಕಾಮಗಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಗೆ ಸೇರಿಸಲು ಹಾಗೂ ಅನುದಾನಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಪ್ರಸ್ತಾವನೆ ಸಲ್ಲಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಕೆಳಗೆ ಸೂಚಕರು, ಅನುಮೋದಕರು ಎಂದು ಇಬ್ಬರ ಹೆಸರು.

ಸಭೆ ಮುಗಿದ ವಾರದೊಳಗೆ ನಡಾವಳಿಯ ದೃಢೀಕೃತ ನಕಲು ಪಡೆದುಕೊಳ್ಳಿ. ಸ್ವತ್ತಿನ ಸಂಖ್ಯೆ, ಅಳತೆ, ಮಕ್ಕಳ ಸಂಖ್ಯೆ ಅದರಲ್ಲಿ ಸರಿಯಾಗಿ ಬಂದಿದೆಯೇ ಅಲ್ಲೇ ನಿಂತು ಓದಿ. ಈ ಒಂದು ಹಾಳೆ ಶಾಸಕರಿಗೂ ಬೇಕು, ಮಂಡಳಿಗೂ ಬೇಕು, ಕಂಪನಿಗೂ ಬೇಕು.

ಐದನೆಯ ಹೆಜ್ಜೆ: ಸಂಘ ಬೇಕೇ?

ಸರ್ಕಾರಿ ಕಾಮಗಾರಿಗೆ ಬೇಡ. ಪಂಚಾಯ್ತಿಯೋ ನಿರ್ಮಿತಿ ಕೇಂದ್ರವೋ ಬೇರೆ ಏಜೆನ್ಸಿಯೋ ಕಟ್ಟುತ್ತದೆ, ದುಡ್ಡು ನಿಮ್ಮ ಕೈಗೆ ಬರುವುದೇ ಇಲ್ಲ. ಕಂಪನಿ ಅಥವಾ ಪ್ರತಿಷ್ಠಾನದ ದುಡ್ಡನ್ನು ನೀವೇ ಪಡೆದು ಖರ್ಚು ಮಾಡಬೇಕೆಂದರೆ ಮಾತ್ರ ನೋಂದಾಯಿತ ಸಂಸ್ಥೆ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಆಮೇಲೆ ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಸ್ವಯಂಸೇವಾ ಸಂಸ್ಥೆಗಳಿಗೆಂದು ಇರುವ ನೀತಿ ಆಯೋಗದ ದರ್ಪಣ್ ತಾಣದಲ್ಲಿ ನೋಂದಣಿ. ದರ್ಪಣ್‌ಗೆ ಶುಲ್ಕವಿಲ್ಲ, 'ಮಾಡಿಸಿಕೊಡ್ತೀನಿ, ಎಂಟು ಸಾವಿರ ಆಗುತ್ತೆ' ಎನ್ನುವವರಿಂದ ದೂರ ಇರಿ.

ಆದರೆ ಇವತ್ತು ಸಂಘ ಕಟ್ಟಿ ನಾಳೆ ಕಂಪನಿ ದುಡ್ಡು ತರಲು ಆಗುವುದಿಲ್ಲ. 2021ರ ಏಪ್ರಿಲ್‌ನಿಂದ ಕಂಪನಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆಗಳು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಕಂಪನಿಯೇ ಹುಟ್ಟುಹಾಕಿದ ಸಂಸ್ಥೆಯಲ್ಲದಿದ್ದರೆ ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆಯ (ಮೊದಲನೆಯದು ಸಂಸ್ಥೆಗೆ, ಎರಡನೆಯದು ದಾನಿಗಳಿಗೆ ತೆರಿಗೆ ರಿಯಾಯಿತಿ) ಜೊತೆಗೆ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ಅದಕ್ಕೆ ಸುಲಭದ ದಾರಿ: ಇವೆಲ್ಲ ಇರುವ, ನಿಮ್ಮ ತಾಲ್ಲೂಕಿನಲ್ಲಿ ಈಗಾಗಲೇ ಒಳ್ಳೆಯ ಹೆಸರಿರುವ ಸಂಸ್ಥೆಯನ್ನು ಹಿಡಿದು ಅವರ ಮೂಲಕ ಪ್ರಸ್ತಾವನೆ ಹಾಕಿಸುವುದು. ಇಲ್ಲವೇ 'ದುಡ್ಡು ಬೇಡ, ನೀವೇ ಕಟ್ಟಿಸಿಕೊಡಿ' ಎಂದು ಕಂಪನಿಯನ್ನು ಕೇಳುವುದು. ಎರಡನೆಯದು ನನಗೆ ಹೆಚ್ಚು ಇಷ್ಟ. ಲೆಕ್ಕದ ಜಗಳ ಊರೊಳಗೆ ಬರುವುದಿಲ್ಲ.

ವಿದೇಶದಲ್ಲಿರುವ ನಮ್ಮೂರಿನ ಹುಡುಗರು ಕಳಿಸುತ್ತೇವೆ ಎಂದರೂ ಒಂದು ಎಚ್ಚರ. ವಿದೇಶಿ ಮೂಲದ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗೆ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ, ಅಲ್ಲಿಯ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಸಂಘದ ಖಾತೆಗೆ ಹಾಕಿಸಿಕೊಳ್ಳುವ ಮುನ್ನ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿ.

ಚಕ್ಕುಲಿ ಅಕ್ಕಂದಿರ ಲೆಕ್ಕ

ಈಗ ಉದ್ಯಮದವರ ವಿಷಯ. ಒಂದು ಸ್ವಸಹಾಯ ಸಂಘದ ಮೂವರು ಅಕ್ಕಂದಿರು ಚಕ್ಕುಲಿ, ನಿಪ್ಪಟ್ಟು ಮಾಡಿ ಸಂತೆಗೆ ಹಾಕುತ್ತಿದ್ದರು. ಯಂತ್ರ ತರಬೇಕೆಂದು ನನ್ನ ಹತ್ತಿರ ಬಂದಾಗ ಕೇಳಿದ ಮೊದಲ ಪ್ರಶ್ನೆ: 'ಸಬ್ಸಿಡಿ ಎಷ್ಟು ಕೊಡ್ತಾರಪ್ಪ?' ನಾನು ತಿರುಗಿ ಕೇಳಿದೆ: 'ಅಕ್ಕ, ತಿಂಗಳಿಗೆ ಎಷ್ಟು ಕೆ.ಜಿ. ಮಾರ್ತೀರ?' ಮೂವರೂ ಮುಖ ಮುಖ ನೋಡಿಕೊಂಡರು. ಮೊದಲ ಎರಡು ತಿಂಗಳು ನಾವು ಮಾಡಿದ್ದು ಒಂದು ನೋಟ್‌ಬುಕ್ಕಿನಲ್ಲಿ ಅಕ್ಕಿಹಿಟ್ಟು, ಎಣ್ಣೆ, ಗ್ಯಾಸ್, ಮಾರಿದ ತೂಕ, ಬಂದ ದುಡ್ಡು ಬರೆದದ್ದು ಮಾತ್ರ. ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಯೋಜನಾ ವರದಿಯನ್ನು ಪಕ್ಕಕ್ಕಿಟ್ಟು ಎಣ್ಣೆಜಿಡ್ಡಿನ ಆ ನೋಟ್‌ಬುಕ್ಕನ್ನೇ ತಿರುವಿ ತಿರುವಿ ನೋಡಿದರು.

ಅವರು ಹೋದದ್ದು ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಗೆ, ಅಂದರೆ ಪಿಎಂಎಫ್‌ಎಂಇ. ಕೇಂದ್ರ ಇದನ್ನು 2020ರಲ್ಲಿ ತಂದಿತು. ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ಸಹಾಯಧನ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಇನ್ನೂ ಶೇ 15 ಸೇರಿಸಿ, ಒಟ್ಟು ಶೇ 50, ಗರಿಷ್ಠ 15 ಲಕ್ಷದವರೆಗೆ ಮಾಡಿತು. ಇಲ್ಲಿ ಉಸ್ತುವಾರಿ ಕೆಪೆಕ್‌ನದು, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮದ್ದು. ಇದು ಸಾಲಕ್ಕೆ ಜೋಡಿಸಿದ ಸಹಾಯಧನ. ಕನಿಷ್ಠ ಶೇ 10 ನಿಮ್ಮ ಕೈಯಿಂದ, ಉಳಿದದ್ದು ಬ್ಯಾಂಕ್ ಸಾಲ. ಸಹಾಯಧನ ನೋಟಿನ ಕಟ್ಟಾಗಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಪ್ರತ್ಯೇಕವಾಗಿ ಕೂತು, ಮೂರು ವರ್ಷ ಘಟಕ ನಡೆದು ಕಂತು ತಪ್ಪದಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಇದು ತಿಳಿಯದೆ ಸಬ್ಸಿಡಿ ಬಂದ ಕೂಡಲೇ ಮಗಳ ಮದುವೆ ಮಾಡೋಣ ಎಂದುಕೊಂಡವರನ್ನೂ ನೋಡಿದ್ದೇನೆ.

ಆರು ಲಕ್ಷದ ಘಟಕ ಎಂದುಕೊಳ್ಳಿ. ಕೈಯಿಂದ 60 ಸಾವಿರ, ಸಾಲ 5 ಲಕ್ಷದ 40 ಸಾವಿರ, ಅದರಲ್ಲಿ 3 ಲಕ್ಷ ಕೊನೆಗೆ ಸಹಾಯಧನವಾಗಿ ವಜಾ. ಉಳಿದ 2 ಲಕ್ಷದ 40 ಸಾವಿರ ಮತ್ತು ಬಡ್ಡಿಯನ್ನು ಚಕ್ಕುಲಿ ಮಾರಿ ಕಟ್ಟಲು ಸಾಧ್ಯವೇ? ಸಾಧ್ಯ ಎಂದರೆ ಮುಂದುವರಿಯಿರಿ, ಇಲ್ಲದಿದ್ದರೆ ಸಣ್ಣ ಯಂತ್ರ ನೋಡಿ. ಅಕ್ಕಂದಿರು ಕೊನೆಗೆ ಸಣ್ಣದನ್ನೇ ಆರಿಸಿದರು.

ಈ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಯೋಜನಾ ವರದಿ ಮಾಡಿಕೊಡುವುದು, ಅರ್ಜಿ ತುಂಬಿಸುವುದು, ಬ್ಯಾಂಕಿಗೆ ಜೊತೆಯಲ್ಲಿ ಬರುವುದು ಅವರ ಕೆಲಸ. ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ, ನೀವು ಕೊಡಬೇಕಿಲ್ಲ. ಸಂಜೀವಿನಿ (ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ) ಒಕ್ಕೂಟಕ್ಕೆ ಸೇರಿದ ಸಂಘದ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜಧನವೂ ಇತ್ತು. ಅದಕ್ಕೆ ದಾರಿ ಪಂಚಾಯ್ತಿ ಮಟ್ಟದ ಒಕ್ಕೂಟ. ಸಂಘದ ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯುವುದು, ಈ ಪಂಚಸೂತ್ರ ಸರಿಯಿದ್ದರೆ ಒಕ್ಕೂಟ ನಿಮ್ಮ ಹೆಸರನ್ನು ತಾನಾಗಿ ಮುಂದೆ ಮಾಡುತ್ತದೆ. ಯೋಜನೆಯ ಅವಧಿಯನ್ನು 2025-26ರವರೆಗೆ ನಿಗದಿ ಮಾಡಿದ್ದರು, ಆದ್ದರಿಂದ ಓಡಾಟ ಶುರುಮಾಡುವ ದಿನ ಅರ್ಜಿ ತೆರೆದಿದೆಯೇ, ದರಗಳು ಹಾಗೇ ಇವೆಯೇ ಎಂದು ಕೃಷಿ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ.

ಗೋದಾಮು, ವಿಂಗಡಣೆ ಕೇಂದ್ರ, ಶೀತಲಗೃಹದ ಕನಸಿರುವ ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿಯವರು ಕೃಷಿ ಮೂಲಸೌಕರ್ಯ ನಿಧಿಯನ್ನು ವಿಚಾರಿಸಿ. ಅದು ಅನುದಾನವಲ್ಲ, 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ 3ರ ಬಡ್ಡಿ ರಿಯಾಯಿತಿ. ಅದು ಈಗಲೂ ತೆರೆದಿದೆಯೇ ಎಂದು ಜಿಲ್ಲೆಯ ನಬಾರ್ಡ್ ಅಧಿಕಾರಿಯನ್ನು ಒಮ್ಮೆ ಕಂಡು ಕೇಳಿ ಬನ್ನಿ.

ಆರನೆಯ ಹೆಜ್ಜೆ: ಈಗ ಅರ್ಜಿ

'ನಮ್ಮ ಗ್ರಾಮವು ಅತ್ಯಂತ ಹಿಂದುಳಿದ ಗ್ರಾಮವಾಗಿದ್ದು, ಬಡವರು ಹೆಚ್ಚಾಗಿ ವಾಸಿಸುತ್ತಿದ್ದು, ತಾವು ದಯಮಾಡಿ ನಮ್ಮ ಮೇಲೆ ಕೃಪೆತೋರಿ...' ಹೀಗೆ ಶುರುವಾಗುವ ಅರ್ಜಿಗಳನ್ನು ಎಷ್ಟೋ ಹೊಡೆದುಹಾಕಿದ್ದೇನೆ. ಎಲ್ಲ ಊರಿನವರೂ ಇದನ್ನೇ ಬರೆಯುತ್ತಾರೆ. ಬದಲಿಗೆ ಹೀಗೆ ಬರೆದು ನೋಡಿ: 'ನಮ್ಮೂರಿನಲ್ಲಿ 186 ಮನೆಗಳಿವೆ. ಕುಡಿಯುವ ನೀರಿಗೆ ಎರಡು ಕೊಳವೆಬಾವಿ, ಅದರಲ್ಲಿ ಒಂದು ಫೆಬ್ರವರಿಯಿಂದ ಜೂನ್‌ವರೆಗೆ ಬತ್ತಿರುತ್ತದೆ. ಕಳೆದ ಬೇಸಿಗೆಯಲ್ಲಿ ಪಂಚಾಯ್ತಿ 61 ದಿನ ಟ್ಯಾಂಕರ್ ಓಡಿಸಿದೆ, ಬಿಲ್ಲಿನ ನಕಲು ಲಗತ್ತಿಸಿದೆ.' ಓದುವವರು ಎರಡನೆಯ ಸಾಲಿಗೇ ಪೆನ್ನು ಎತ್ತಿಕೊಳ್ಳುತ್ತಾರೆ. ಮನೆಗಳ ಲೆಕ್ಕ ಪಂಚಾಯ್ತಿಯಲ್ಲಿ, ಮಕ್ಕಳ ಲೆಕ್ಕ ಅಂಗನವಾಡಿಯಲ್ಲಿ, ಕಾಯಿಲೆಯ ಲೆಕ್ಕ ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತದೆ. ಹೆಚ್ಚಿಸಿ ಬರೆಯಬೇಡಿ, ಸ್ಥಳ ತನಿಖೆಗೆ ಬಂದೇ ಬರುತ್ತಾರೆ.

ಅರ್ಜಿ ಒಂದೂವರೆ ಪುಟ ದಾಟದಿರಲಿ. ತೊಂದರೆ ಏನು, ಎಷ್ಟು ಜನಕ್ಕೆ, ಏನು ಕೇಳುತ್ತಿದ್ದೇವೆ, ಅಂದಾಜು ಎಷ್ಟು, ಊರಿನವರ ಪಾಲೇನು, ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು. ಕೊನೆಯ ಪ್ರಶ್ನೆಗೆ ಬಹಳ ಜನ ಉತ್ತರ ಬರೆಯುವುದಿಲ್ಲ. ಶುದ್ಧ ನೀರಿನ ಘಟಕ ಬಂದು ಆರು ತಿಂಗಳಿಗೆ ಕೆಟ್ಟು ನಿಂತ ಊರುಗಳನ್ನು ಅಧಿಕಾರಿಗಳು ಬೇಕಾದಷ್ಟು ಕಂಡಿದ್ದಾರೆ. 'ಕ್ಯಾನಿಗೆ ಐದು ರೂಪಾಯಿ ವಂತಿಗೆ, ಲೆಕ್ಕ ಇಡುವುದು ಸ್ತ್ರೀಶಕ್ತಿ ಸಂಘ, ಫಿಲ್ಟರ್ ಬದಲಾವಣೆ ಆ ದುಡ್ಡಿನಿಂದ' ಎಂಬ ಒಂದೇ ಸಾಲು ನಿಮ್ಮ ಅರ್ಜಿಯನ್ನು ಮಿಕ್ಕವುಗಳಿಂದ ಬೇರೆ ಮಾಡುತ್ತದೆ.

ಅಂದಾಜು ಪಟ್ಟಿಯನ್ನು ಮೇಸ್ತ್ರಿ ಹತ್ತಿರ ಬರೆಸಬೇಡಿ. ಸರ್ಕಾರಿ ಕೆಲಸಕ್ಕೆ ಇಲಾಖೆಯ ದರಪಟ್ಟಿಯಂತೆ ಜೂನಿಯರ್ ಎಂಜಿನಿಯರ್ ಮಾಡಿದ ಅಂದಾಜೇ ಬೇಕು. ಕಂಪನಿಗಾದರೆ ಮೂರು ಕಡೆಯ ಕೊಟೇಶನ್ ಕೇಳುತ್ತಾರೆ. ಲಗತ್ತುಗಳು: ನಡಾವಳಿ, ಜಾಗದ ದಾಖಲೆ, ಅಂದಾಜು, ನಾಲ್ಕು ಫೋಟೊ, ಸಹಿಗಳು. ಫೋಟೊದಲ್ಲಿ ಮುಖಂಡರು ಸಾಲಾಗಿ ನಿಂತಿರುವುದು ಬೇಡ, ಸೋರುವ ಸೂರು ಕಾಣಲಿ.

ಏಳನೆಯ ಹೆಜ್ಜೆ: ಟಪಾಲಿನ ಮೇಜು

ಶಾಸಕರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡರೆ ಅರ್ಜಿ ಸಲ್ಲಿಸಿದಂತಲ್ಲ. ಕಚೇರಿಯ ಟಪಾಲು ವಿಭಾಗಕ್ಕೆ ಹೋಗಿ, ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. 'ಇಟ್ಟು ಹೋಗಿ, ಸಾಹೇಬರಿಗೆ ಕೊಡ್ತೀವಿ' ಎಂದರೆ 'ಒಂದು ಸೀಲ್ ಒತ್ತಿಕೊಡಿ ಸಾರ್, ಊರಲ್ಲಿ ತೋರಿಸಬೇಕು' ಎನ್ನಿ. ಈ ಮಾತಿಗೆ ಯಾರೂ ಸಿಟ್ಟಾಗಿದ್ದು ನನಗೆ ನೆನಪಿಲ್ಲ.

ಹದಿನೈದು ದಿನಕ್ಕೊಮ್ಮೆ ಆ ಸಂಖ್ಯೆ ಹಿಡಿದು ಕಡತ ಯಾರ ಮೇಜಿನಲ್ಲಿದೆ ಕೇಳಿ. ಒಬ್ಬರೇ ಹೋಗಬೇಕು, ಹೋದವರೇ ಹೋಗಬೇಕು. ಪ್ರತಿಸಲ ಹೊಸ ಮುಖ ಹೋದರೆ ಕಥೆ ಮೊದಲಿಂದ ಶುರು. ಊರಿನವರು ಬಸ್ ಚಾರ್ಜು, ಊಟದ ದುಡ್ಡನ್ನು ಚಂದಾ ಎತ್ತಿ ಕೊಡಬೇಕು, ಇಲ್ಲದಿದ್ದರೆ ಆ ಹುಡುಗ ಮೂರನೆಯ ಸಲಕ್ಕೆ ಸುಸ್ತಾಗುತ್ತಾನೆ. ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಆಮೇಲೆ ಕಾರ್ಯಾದೇಶ, ಈ ಮೂರು ಕಾಗದದ ನಕಲು ಕೈಯಲ್ಲಿರಬೇಕು. ಉತ್ತರವೇ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನದ ಗಡುವು. ಬಿಪಿಎಲ್ ಕುಟುಂಬದವರಿಗೆ ಶುಲ್ಕವೂ ಇಲ್ಲ. ಆದರೆ ಅದನ್ನು ಮೊದಲ ವಾರದಲ್ಲೇ ಹಾಕಿ ಸಂಬಂಧ ಕೆಡಿಸಿಕೊಳ್ಳಬೇಡಿ.

'ನಿಮ್ಮ ಅನುದಾನ ಮಂಜೂರಾಗಿದೆ, ಫೈಲ್ ಚಾರ್ಜ್ ಕಟ್ಟಿ' ಎಂದು ಫೋನ್ ಬಂದರೆ ಇಟ್ಟುಬಿಡಿ. ಮಂಜೂರಾತಿ ಫೋನಿನಲ್ಲಿ ಬರುವುದಿಲ್ಲ, ಆದೇಶ ಸಂಖ್ಯೆ ಇರುವ ಕಾಗದದಲ್ಲಿ ಬರುತ್ತದೆ.

ಎಂಟನೆಯ ಹೆಜ್ಜೆ: ದುಡ್ಡು ಬಂದ ಮೇಲೆ

ಒಂದು ಕಡತ ಕೊಳ್ಳಿ. ಕೆಲಸ ಶುರುವಾಗುವ ಮೊದಲು, ಅರ್ಧದಲ್ಲಿ, ಮುಗಿದ ಮೇಲೆ, ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೊಗಳು, ದಿನಾಂಕ ಮತ್ತು ಸ್ಥಳ ಬೀಳುವಂತೆ. ಸಂಘದ ಖಾತೆಗೆ ಬಂದ ಅನುದಾನವಾದರೆ ಪ್ರತಿ ಬಿಲ್ಲಿಗೂ ವೋಚರ್, ಸಾಧ್ಯವಾದಷ್ಟೂ ಚೆಕ್ ಮೂಲಕವೇ ಪಾವತಿ. ಮುಗಿದ ಕೂಡಲೇ ಬಳಕೆ ಪ್ರಮಾಣಪತ್ರ ಕೊಡಿ. ಎರಡನೆಯ ಕಂತು ಅದರ ಹಿಂದೆಯೇ ಬರುವುದು, ಮುಂದಿನ ವರ್ಷದ ಅರ್ಜಿಗೂ ಅದನ್ನೇ ಮೊದಲು ಕೇಳುತ್ತಾರೆ. ಪಂಚಾಯ್ತಿ ಕೆಲಸವಾದರೆ ಗೋಡೆಯ ಮೇಲೆ ಕಾಮಗಾರಿಯ ಹೆಸರು, ಮೊತ್ತ, ವರ್ಷ ಬರೆಸುವವರೆಗೆ ಬಿಡಬೇಡಿ.

ಕಡತದ ಒಂದು ನಕಲನ್ನು ಅಧ್ಯಕ್ಷರ ಮನೆಯಲ್ಲಿ ಇಡಬೇಡಿ, ಅಧ್ಯಕ್ಷರು ಬದಲಾಗುತ್ತಾರೆ. ನಾವು ನಮ್ಮೂರಿನದನ್ನು ಹಾಲಿನ ಡೇರಿಯ ಟ್ರಂಕಿನಲ್ಲಿ ಇಟ್ಟಿದ್ದೇವೆ. ಬೆಳಗ್ಗೆ ಸಂಜೆ ಎರಡು ಹೊತ್ತೂ ಬಾಗಿಲು ತೆಗೆದಿರುವ ಜಾಗ ಊರಿನಲ್ಲಿ ಅದೊಂದೇ. ಸಮುದಾಯ ಭವನದ ಜಾಗದ ದಾನಪತ್ರವೂ ಈಗ ಅದರಲ್ಲೇ ಇದೆ, ಮೂರನೆಯ ಮೊಮ್ಮಗನ ಸಹಿಯೊಂದಿಗೆ.